ಮಟ್ಟಗೋಲು ಹಿಡಿದವನು

ಇಂಜಿನಿಯರ್ ಓದುತ್ತಿದ್ದ, ನಾನು ಕೋಲು ಹಿಡಿಯುತ್ತಿದ್ದೆ.
ಮೂವತ್ತೊಂದು ವರ್ಷ.
ಅಳ್ಳಾಡಬೇಡವೋ ಜುರಾಂದಿರ್, ನೆಟ್ಟಗೆ ಹಿಡಿ,
ಎಂದು ದೂರದಿಂದ ಕೈ ಬೀಸುತ್ತಿದ್ದ.
ಮಾತೊ ಗ್ರೊಸ್ಸೊ ಎಷ್ಟು ದೊಡ್ಡದು ಎಂದು
ಮೊಮ್ಮಗಳು ಕೇಳಿದರೆ ಹೆಗಲು ತೋರಿಸುತ್ತೇನೆ:
ಇಗೋ, ಇಲ್ಲಿ ಜಡ್ಡುಗಟ್ಟಿದಷ್ಟು.

ಬಡಗಣ ಕಾಡಿನಲ್ಲಿ ಕೋಲೇ ಕಾಣುತ್ತಿರಲಿಲ್ಲ.
ಹತ್ತು ಮಾರು ಸವರಿದರೆ ಒಂದು ಓದು,
ಮತ್ತೆ ಹತ್ತು ಮಾರು. ನಡುಹಗಲೂ
ಪಾಚಿನೀರಿನೊಳಗೆ ಕಣ್ಣು ಬಿಟ್ಟ ಹಾಗೆ.
ರೆಪ್ಪೆಯ ಬೆವರಿಗೆ ಮುತ್ತುವ ಮುಜಂಟಿ ಹುಳ.

ಸೆರಾಡೊದ ಕಥೆ ಬೇರೆ. ಮರಗಳೆಲ್ಲ ಗೂನು,
ಸುಟ್ಟ ತೊಗಟೆ, ಸೊಟ್ಟ ಕೈ.
ಸೊಂಟದೆತ್ತರದ ಒಂದು ಗಿಡ ಕೀಳಲು ಹೋಗಿ
ದಾಲ್ವಿನೊ ಮೂರಾಳು ಆಳ ಅಗೆದ.
ಬೇರು ಇನ್ನೂ ಕೆಳಗೇ ಹೋಗುತ್ತಿತ್ತು.
ಕೆಮ್ಮಣ್ಣಿನ ಗುಂಡಿಯಿಂದ ತಲೆಯೆತ್ತಿ ಅಂದ:
ಕಾಡು ಇರೋದು ಇಲ್ಲಿ, ನೀವು ನೋಡ್ತಿರೋದು ಅದರ ಕೂದಲು.

ಈಗ ಅಲ್ಲಿ ಸೋಯಾ.
ಕೋಲು ಹರದಾರಿ ದೂರಕ್ಕೂ ಕಾಣುತ್ತದೆ.
ನೆರಳೆಂದರೆ ಆ ಕೋಲಿನದೊಂದೇ.

ಷಪಾದದ ಅಂಚಿನಲ್ಲಿ ನೆಲ ತಟಕ್ಕನೆ ಮುಗಿಯಿತು.
ಇಂಜಿನಿಯರ್ ಟೋಪಿ ತೆಗೆದು ಕೂತ, ಏನೂ ಬರೆಯಲಿಲ್ಲ.
ಹಾರುವ ಗಿಣಿಗಳ ಬೆನ್ನನ್ನು
ನಾನು ನೋಡಿದ್ದು ಅಲ್ಲೇ ಮೊದಲು.

ದಿಯಾಮಾಂಟಿನೊ ಹತ್ತಿರದ ದಿಬ್ಬದಲ್ಲಿ ಝುಲ್ಮೀರಾಳ ಮನೆ.
ಮುಂದಿನ ಸೂರಿನ ಹನಿ ಅಮೆಜಾನಿಗೆ,
ಹಿಂದಿನ ಸೂರಿನದು ಪರಾಗ್ವೆ ನದಿಗೆ, ತೆಂಕಣ ಕಡಲಿಗೆ.
ಲೆಕ್ಕ ಮುಗಿಸಿ ಇದನ್ನು ಹೇಳಿದಾಗ
ಅವಳು ಅಕ್ಕಿ ತೊಳೆಯುತ್ತಿದ್ದಳು.
ಆ ಬಿಳಿನೀರಿನ ಪಾತ್ರೆ ಹಿಡಿದು
ನಡುಮನೆಯಲ್ಲಿ ಒಂದು ಗಳಿಗೆ ನಿಂತಳು,
ಯಾವ ಬಾಗಿಲಿಗೆ ಹೋಗಲಿ ಎಂಬಂತೆ.
ಕೊನೆಗೆ ಎಂದಿನಂತೆ
ಕೋಳಿಗೂಡಿನ ಪಕ್ಕದ ಮೆಣಸಿನ ಗಿಡಕ್ಕೇ ಸುರಿದಳು.

ಆಮೇಲೆ ಪಾಂತನಾಲ್.
ಕಿಲೋಮೀಟರಿಗೆ ಒಂದು ಬೆರಳಗಲ ಇಳಿಜಾರು.
ನೀರು ದಾರಿ ಕೇಳಿಕೊಂಡು ನಡೆಯುವ ಸೀಮೆ ಅದು.
ಮಳೆ ನಿಂತು ಎಷ್ಟೋ ವಾರವಾದ ಮೇಲೆ
ಬೋಳು ನೀಲಿ ಆಕಾಶದ ಕೆಳಗೆ
ಸದ್ದೇ ಇಲ್ಲದೆ ನೆರೆ ಬರುತ್ತದೆ,
ತಡವಾಗಿ ತಲುಪಿದ ಕಾಗದದ ಹಾಗೆ.
ದನಗಳಿಗೆ ಮೊದಲೇ ಗೊತ್ತು; ಅವು ದಿಣ್ಣೆ ಹತ್ತಿರುತ್ತವೆ.

ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ, ಕಡೆಯ ಓದು.
ಮೊಸಳೆಯೊಂದು ಅತ್ತ ಕಣ್ಣಷ್ಟೇ ಮೇಲಿಟ್ಟುಕೊಂಡು ಕಾಯುತ್ತಿತ್ತು.
ಕೋಲಿನ ತುದಿಗೆ ಒಂದು ಮಿಂಚುಳ್ಳಿ ಬಂದು ಕೂತಿತು.
ಇಂಜಿನಿಯರ್ ಕೈ ಬೀಸಿದ: ಹಾಗೇ ಇರು.
ಹಾಗೇ ಇದ್ದೆ.
ಕೆಸರಿನಲ್ಲಿ ಕೋಲು ಒಂದು ಕೂದಲೆಳೆ ಇಳಿಯಿತು.

ಆ ಓದಿನಲ್ಲಿ ಹಕ್ಕಿಯ ತೂಕವೂ ಸೇರಿದೆ.
ನಾನು ಹೇಳಲಿಲ್ಲ.