ಜುಲೈ ಹಾಳೆಯ ಕೆಂಪು ಚೌಕ

ಮೂವತ್ತೊಂದು ವರ್ಷ ಕ್ಯಾಲೆಂಡರ್ ಮುದ್ರಿಸಿದೆ
ಗದಗಿನ ಸ್ಟೇಶನ್ ರೋಡಿನ ಸಂದಿಯಲ್ಲಿ.
ಊರವರ ಹಬ್ಬ, ಊರವರ ಮುಹೂರ್ತ, ರಾಹುಕಾಲ.
ನಮ್ಮ ಮನೆಯ ಗೋಡೆಗೆ ಮಾತ್ರ
ಸದಾ ವೇಸ್ಟೇಜಿನ ಪ್ರತಿ: ಬಣ್ಣ ಸರಿದು
ದೇವರಿಗೆ ಎರಡು ಮೂಗು.

ನವರಾತ್ರಿ ಮುಗಿದ ವಾರ ದಾಕ್ಷಾಯಣಿ
ಹನ್ನೊಂದು ವರ್ಷದ ಭಿಶಿ ದುಡ್ಡು ಕಾಟಿನ ಮೇಲಿಟ್ಟು ಅಂದಳು:
"ಬಂಗಾರ ಬ್ಯಾಡ ನನಗ. ಆಫ್ರಿಕಾಕ್ಕ ಹೋಗೂಣು.
ಆ ಪ್ರಾಣಿ ಹೊಳಿ ದಾಟೂದು ನೋಡಬೇಕು."

ಆ ಪ್ರಾಣಿ:
ಅರ್ಧ ಎಮ್ಮೆ, ಅರ್ಧ ಕುದುರೆ, ಗಡ್ಡ ಮಾತ್ರ ಹೋತಿನದು.
ಕತ್ತರಿಸಿ ಉಳಿದ ಚೂರುಗಳನ್ನೇ ಸೇರಿಸಿ
ಯಾರೋ ಬೈಂಡ್ ಮಾಡಿದಂತೆ.
ನನಗೆ ಆ ಕೆಲಸ ಗೊತ್ತು. ಇಷ್ಟವಾಯಿತು.

"ಯಾವಾಗ?" ಎಂದೆ. ತಂಟೆ ಅಲ್ಲಿಂದ ಶುರು.

ಮುಂದಿನ ವರ್ಷದ ಪ್ರೂಫು ನೆಲಕ್ಕೆ ಹಾಸಿದೆವು,
ಹನ್ನೆರಡು ಹಾಳೆ, ಮೊಣಕಾಲೂರಿ ಇಬ್ಬರು.
ಅವಳು ಫೋನು ನೋಡಿ ಓದುವಳು, ನಾನು ಪೆನ್ಸಿಲ್ಲಿನಲ್ಲಿ ಗೀಚುವೆ.
ಫೆಬ್ರವರಿ: ತೆಂಕಣ ಬಯಲಲ್ಲಿ ಮರಿ ಹಾಕುತ್ತವೆ,
ಹುಟ್ಟಿದ ಹತ್ತು ನಿಮಿಷಕ್ಕೆ ಎದ್ದು ನಿಲ್ಲಬೇಕು ಅವು.
"ನಿಮ್ಮ ಮಗ ಹದಿನಾಲ್ಕು ತಿಂಗಳ ತಗೊಂಡ!"
ಆದರೆ ಫೆಬ್ರವರಿಯೆಂದರೆ ಲಗ್ನಪತ್ರಿಕೆ.
ಜೂನು ನೋಟ್‌ಬುಕ್ಕು.
ಸೆಪ್ಟೆಂಬರ್ ಗಣಪತಿಯ ಪಾವತಿ ಪುಸ್ತಕ.
ಪ್ರಾಣಿಗೆ ಹುಲ್ಲಿದ್ದಲ್ಲಿ ದಾರಿ, ನಮಗೆ ಆರ್ಡರ್ ಇದ್ದಲ್ಲಿ.

ಮಶಿನ್ನಿನ ಹಜರೇಸಾಬ ಚಹಾ ಹಿಡಿದು ಬಗ್ಗಿ ನೋಡಿದ:
"ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಮಾಲಕ್ರ?
ಕೆಳಗ ಮಳಿ ನಕ್ಷತ್ರ ಹಾಕೇವಲ್ಲ.
ಆರಿದ್ರಾಕ್ಕ ಹೊರಡ್ತಾವು, ಪುಷ್ಯಕ್ಕ ಹೊಳಿ ಮುಟ್ಟತಾವು."
ಲೆಕ್ಕ ಹೆಚ್ಚುಕಡಿಮೆ ಕೂಡಿಯೇ ಬಂತು.
ಜುಲೈ ಇಪ್ಪತ್ಮೂರರ ಸುತ್ತ ದಾಕ್ಷಾಯಣಿ
ಕೆಂಪು ಪೆನ್ನಿನಿಂದ ಚೌಕ ಎಳೆದಳು.

ಹುಬ್ಬಳ್ಳಿಗೆ ಹೋದೆವು, ಕೊಪ್ಪೀಕರ ರೋಡಿನ ಮೇಹರವಾಡೆಯ ಆಫೀಸಿಗೆ.
ಹಳದಿ ಜ್ವರದ ಸೂಜಿ, ಜೀಪಿನ ಬಾಡಿಗೆ, ಡೇರೆಯ ಬಾಡಿಗೆ,
ಖಾರಾ ಚಟ್ನಿ ಒಯ್ಯಬಹುದೋ ಇಲ್ಲವೋ.
ಕೊನೆಗೆ ಆತ ಕನ್ನಡಕ ತೆಗೆದು ಅಂದ:
"ದಾಟೂದರ ಗ್ಯಾರಂಟಿ ಕೊಡಾಂಗಿಲ್ರಿ.
ಮುಂಜಾನಿಂದ ದಂಡಿಮ್ಯಾಗ ನಿಂತು ನೀರು ನೋಡತಾವು,
ಸಂಜಿಕೆ ಸುಮ್ನ ಹೊಳ್ಳಿ ಹೋಗತಾವು."
ಗ್ರಹಣವನ್ನು ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕುವ ನಾನು
ಬಾಯಿ ಮುಚ್ಚಿ ಕೂತೆ.

ಆತನ ಗೋಡೆಯ ನಕಾಶೆಯಲ್ಲಿ ಬೆರಳಾಡಿಸುತ್ತಿದ್ದವಳು ನಿಂತಳು.
ನೈರೋಬಿಯ ಕೆಳಗೆ ಒಂದು ಕೆರೆ.
ಹೆಸರು: ಮಾಗಡಿ.
"ನಮ್ಮ ತವರ ಊರು!"

ಬಸ್ಸಿನಲ್ಲಿ ಅಣ್ಣಿಗೇರಿ ದಾಟುವ ತನಕ ಮಾತಿಲ್ಲ.
ಆಮೇಲೆ, ಕಿಟಕಿಗೆ ಹೇಳುವಂತೆ:
"ನಾ ಸಣ್ಣಾಕಿದ್ದಾಗ ಕೆರಿಗೆ ಬಾತು ಬರತಿದ್ದೂ.
ತಲಿಮ್ಯಾಗ ಎರಡು ಕರೀ ಪಟ್ಟಿ.
ರಾತ್ರಿ ನಮ್ಮ ಕಡ್ಲಿ ಹೊಲಕ್ಕ ಇಳೀತಿದ್ದೂ.
ಎಣ್ಣಿ ಡಬ್ಬಿ ಬಡದು ಓಡಸೂದು ನನ್ನ ಪಾಳಿ.
ಹಿಮಾಲಯ ದಾಟಿ ಬರತಾವಂತ.
ಯಾರಿಗ್ಗೊತ್ತಿತ್ತು?
ಎಂಟು ಚಳಿಗಾಲ ಬಡದೆ.
ಒಮ್ಮೆ ಸುಮ್ನ ನಿಂತು ನೋಡಬೇಕು.
ಕೈಯಾಗ ಡಬ್ಬಿ ಇಲ್ಲದ."

ನಾನು ಟಿಕೀಟು ಮಡಚಿ ಮಡಚಿ ಬೆರಳುಗುರಿನಷ್ಟು ಮಾಡಿದೆ.

ಡಿಸೆಂಬರಿನಲ್ಲಿ ಹನ್ನೆರಡು ಸಾವಿರ ಪ್ರತಿ ಊರೂರಿಗೆ ಹೋದವು.
ಅವಳ ಕೆಂಪು ಚೌಕವನ್ನು ತಿದ್ದುಪಡಿಯೆಂದು ತಿಳಿದು
ಹಜರೇಸಾಬ ಪ್ಲೇಟಿಗೇ ಹಾಕಿಬಿಟ್ಟಿದ್ದ.
ಮುಂಡರಗಿಯಿಂದ ಫೋನು: ಬ್ಯಾಂಕಿಗೆ ಸೂಟಿ ಐತೇನ್ರಿ?
ನರಗುಂದದ ಮಾಸ್ತರರೊಬ್ಬರು: ಯಾರ ಜಯಂತಿ?
ನಾನು ತಡವರಿಸಿದೆ, ಕ್ಷಮೆ ಕೇಳಿದೆ, ಬೆವರಿದೆ.

ಸವಣೂರಿನ ಮುದುಕಿಯೊಬ್ಬಳ ಫೋನು ಬಂದಾಗ
ದಾಕ್ಷಾಯಣಿ ಕೈಯಿಂದ ಕಸಿದುಕೊಂಡಳು.
"ಹೊಳಿ ದಾಟೂ ಹಬ್ಬಬೇ ಯಮ್ಮಾ.
ಆ ದಿನ ಆಗಬಹುದು, ಆಗದನೂ ಇರಬಹುದು."
ಆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ. ಆಮೇಲೆ,
"ಹಂಗಾರ
ಹೋಳಿಗಿಗೆ ಬ್ಯಾಳಿ ಇಡಲ್ಯೋ ಬ್ಯಾಡೋ?"