ಹದಿಮೂರರ ಮಗ್ಗಿ

"ಏನ್ ಮಾಡ್ಯಾನವ್ವಾ ಅಂವಾ?"
ರೈಟರ್ ನದಾಫರು ಕನ್ನಡಕ ಹಣೆಗೇರಿಸಿ ಕೇಳಿದರು.
ಏನೂ ಮಾಡಿಲ್ರಿ.
ಮಗಳಿಗೆ ಗಣಿತ ಹೇಳಿಕೊಡಾಕ ಬರಾಂವ ಅದಾನ, ಸೋಮವಾರದಿಂದ.
"ಮತ್ತ?"
ಮತ್ತೇನಿಲ್ಲ. ಅಷ್ಟ.
ಕಳವು ಆಗುವ ಮೊದಲೇ
ಕಳವಿನ ದೂರು ತಂದವಳನ್ನು ನೋಡುವ ಹಾಗೆ ನೋಡಿದರು.

ಮನೆಯಲ್ಲಿ ಅತ್ತೆ ಎರಡು ದಿನ ಮಾತು ಬಿಟ್ಟರು.
ಮಾಸ್ತರು ಬಂದರ ಕಾಲಿಗೆ ನೀರು ಕೊಡೋ ಮನಿತನ,
ನೀ ನೋಡಿದರ ಅವರ ಬೆರಳಚ್ಚು ಕೇಳತೀ.
ಗಂಡ ಅಂದ: ಒಳ್ಳೆ ಹುಡುಗ,
ಮುಖಾ ನೋಡಿದ್ರ ಗೊತ್ತಾಗತೈತಿ.

ಮುಖ.
ಹೊಂಬಳ ಮಾಸ್ತರರದು ಎಂಥ ಮುಖ!
ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು,
ಮಗ್ಗಿ ಒಪ್ಪಿಸಿದವರಿಗೆ ಒಂದು ಪೆಪ್ಪರಮೆಂಟು.
ಬೆಟಗೇರಿಯ ಆ ಓಣಿಯಲ್ಲಿ
ಮನೆಗೊಂದು ಮಗ್ಗ, ಖಟ್ ಪಟ್ ಖಟ್ ಪಟ್.
ಒಳಗೆ ನಾವು ಎಷ್ಟು ಒದರಿ ಮಗ್ಗಿ ಹೇಳಿದರೂ
ಹೊರಗೆ ಕೇಳುತ್ತಿದ್ದದ್ದು ಮಗ್ಗವೇ.
ಉಳಿದವರನ್ನು ಏಳಕ್ಕೆ ಬಿಡುತ್ತಿದ್ದರು.
ಮಗ್ಗಿ ಬರದ ನನ್ನನ್ನು ಎಂಟರ ತನಕ.

ಹದಿಮೂರೊಂದ್ಲೆ ಹದಿಮೂರು.
ಹದಿಮೂರೆರಡ್ಲೆ ಇಪ್ಪತ್ತಾರು.
ಅಗುಳಿ ಬೀಳುವ ಸದ್ದು ಬಹಳ ಸಣ್ಣದು.
ಹದಿಮೂರ್ಮೂರ್ಲೆ ಮೂವತ್ತೊಂಬತ್ತು.
ಹದಿಮೂರ್ನಾಕ್ಲೆ ಐವತ್ತೆರಡು.

ಮೂವತ್ತು ವರ್ಷ ಆಯಿತು.
ಐವತ್ತೆರಡರ ಆಚೆಗೆ ನನಗೆ ಇವತ್ತಿಗೂ ದಾರಿಯಿಲ್ಲ.
ಅಂಗಡಿಯ ಗಲ್ಲೆಯ ಮೇಲೆ ಕೂತಾಗ, ಮದುವೆಯವರು
ಹದಿಮೂರು ಮಂದಿಗೆ ಐದೈದು ಖಣ ಅಂದರೆ ಸಾಕು,
ಕೈ ಕ್ಯಾಲ್ಕುಲೇಟರಿಗೆ ಹೋಗುತ್ತದೆ.

ಅವ್ವ ತಿಂಗಳಿಗೆ ಹತ್ತು ರೂಪಾಯಿ ಹೆಚ್ಚೇ ಕೊಟ್ಟಳು.
ಎಂಟರ ತನಕ ಕೂಡಿಸಿಕೊಂಡು ಕಲಸ್ತಾರ,
ದೇವರಂಥ ಮನಿಷಾ, ಅಂತ.

ಹತ್ತನೇ ದಿನ ಕಾಗದ ಬಂತು.
ಹುಡುಗನೇ ತಂದ, ಮೃತ್ಯುಂಜಯ ಅಬ್ಬಿಗೇರಿ,
ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಮಡಚದೆ.
ಸಿಟ್ಟಿರಲಿಲ್ಲ. ತಲೆ ಮಾತ್ರ ಎತ್ತಲಿಲ್ಲ.
"ಠಾಣೆಕ್ಕ ಹೋಗಿದ್ದು ಅಪ್ಪಗ ಹೇಳಿಲ್ರಿ ಅಕ್ಕಾರ."
ಮೊಹರು, ಸಹಿ, ನಡುವೆ ಒಂದು ಸಾಲು:
ಸದರಿಯವರ ಮೇಲೆ ಈ ಠಾಣೆಯಲ್ಲಿ
ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ.

ಎಷ್ಟು ಸಲ ಓದಿದೆನೋ ಆ ಸಾಲು.
ಹೊಂಬಳ ಮಾಸ್ತರರು ಹೋಗಿ ಕೇಳಿದ್ದರೆ
ಅವರಿಗೂ ಇದೇ ಕಾಗದ, ಇದೇ ಮೊಹರು.
ದಾಖಲಿಸಬೇಕಾದವಳಿಗೆ ಆಗ ಹತ್ತು ವರ್ಷ,
ಅವಳಿಗೆ ಬರುತ್ತಿದ್ದದ್ದು ಐವತ್ತೆರಡರ ತನಕ.
ಅವರು ನಿವೃತ್ತಿಯಾದ ದಿನ ಓಣಿಯೆಲ್ಲ ಕೂಡಿ
ಒಂದು ಶಾಲು ಹೊದಿಸಿತು.
ನೇಯ್ದದ್ದು ನಮ್ಮಪ್ಪ.

ಕಾಗದವನ್ನು ಟ್ರಂಕಿನಲ್ಲಿ,
ಮಗಳ ಜನನದ ದಾಖಲೆಯ ಜೋಡಿ ಇಟ್ಟೆ.
ಇಟ್ಟ ಮೇಲೂ ಸೋಮವಾರ ಸಂಜೆ
ಬಾಗಿಲು ಪೂರ್ತಿ ತೆರೆದು, ಪಡಸಾಲೆಯಲ್ಲೇ ಮೇಜು ಹಾಕಿಸಿದೆ.
ಅಂವ ಬಂದು ಕೂತ,
ಎರಡೂ ಕೈ ಮೇಜಿನ ಮೇಲೆ, ಕಾಣುವ ಹಾಗೆ,
ಇಡೀ ತಾಸು ಹಾಗೇ.
ಆ ಕೈ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ.
ತಪ್ಪು ಮಾಡದವನಿಂದ ಬಡ್ಡಿ ಎತ್ತುತ್ತಿದ್ದೆನಲ್ಲ,
ಸಾಲ ಮಾಡಿದವರು ಶಾಲು ಹೊದ್ದು ಸತ್ತಿದ್ದರು.

ಆದರೂ ಏಳಲಿಲ್ಲ.
ಮರದಲ್ಲಿ ಜೋಳ ಹಾಕಿಕೊಂಡು ಹೊಸ್ತಿಲ ಹತ್ತಿರ ಕೂತೆ.
"ಅವ್ವಾ, ಇಲ್ಲೇ ಯಾಕ ಕುಂತಿ?"
ಜ್ವಾಳಾ ಹಸನ ಮಾಡಾಕತ್ತೇನಿ.
"ಅದರಾಗ ಹಳ್ಳ ಇಲ್ಲಲ್ಲ! ನಿನ್ನೇನ ಮಾಡಿದ್ದಿ."
ಇಲ್ಲ ಅಂತ ನೋಡೂದಕ್ಕೂ
ಹಸನ ಮಾಡೂದು ಅಂತಾರ, ಅಂದೆ.

ಮಗಳು ನಕ್ಕು ಲೆಕ್ಕಕ್ಕೆ ಬಾಗಿದಳು.
ಮೇಜಿನ ಮೇಲಿನ ಎರಡು ಕೈಯಲ್ಲಿ ಒಂದು
ಮೆಲ್ಲಗೆ ಸರಿದು
ಆರಿದ ಚಹಾದ ಕಪ್ಪು ಎತ್ತಿಕೊಂಡಿತು.