ಮೂಗಿಗಿಂತ ಮೂಗುತಿ ಭಾರ

ಕಿಟ್ಟಿಗೆ ಕೊಟ್ಟದ್ದು ಎಪ್ಪತ್ತು ಪೌಂಡು.
ಅದರ ಮೇಲೆ ರೆಸಿನ್ನಿನ ಎಂಜಿನ್ನು ನಾಲ್ಕು,
ಹಿತ್ತಾಳೆ ತಗಡಿನ ಸೀಟ್ ಬೆಲ್ಟು, ಲೇತಿನಲ್ಲಿ ಕಡೆದ ಬಂದೂಕಿನ ನಳಿಗೆ,
ಭಾರಕ್ಕೆ ತುಸು ಚಪ್ಪಟೆಯಾದಂತೆ ಎರಕ ಹೊಯ್ದ ಚಕ್ರ.
ಕೂಡಿಸಿದರೆ ತೊಂಬತ್ತೆರಡು.
ಮೂಗಿಗಿಂತ ಮೂಗುತಿ ಭಾರ ಎಂದಳು ವನಮಾಲಾ,
ರಸೀದಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತ,
ಹಾಲು ತೆಗೆವಾಗಲೆಲ್ಲ ನನಗೆ ಕಾಣುವ ಹಾಗೆ.

ಲಿಂಕನ್ ಊರಿನ ಮಾಂಕ್ಸ್ ರೋಡಿನಲ್ಲಿ
ಹಲ್ಲಿನ ಸೆಟ್ಟು ಕಟ್ಟುವುದು ನನ್ನ ಕಸುಬು.
ಹಲ್ಲಿಲ್ಲದವರ ಕಡಲೆಗೆ ನಾನೇ ಜವಾಬು.
ಹಗಲೆಲ್ಲ ಗುಲಾಬಿ ಒಸಡು, ಮೇಣ, ಅಚ್ಚು, ಅರ.
ರಾತ್ರಿಯೂ ಅದೇ ಅರ, ಅದೇ ಧೂಳು, ಅದೇ ಮುಖಗವಸು;
ಬಾಯಿ ಮಾತ್ರ ಬೇರೆ.

ರೆಸಿನ್ನು ಅವಸರಕ್ಕೆ ಒಗ್ಗುವುದಿಲ್ಲ.
ಮೊದಲು ಸೋಪಿನ ನೀರಲ್ಲಿ ಮೀಯಿಸಬೇಕು,
ಬುಡದ ದಿಮ್ಮಿಯನ್ನು ಎಳೆಗರಗಸದಲ್ಲಿ ಕೊಯ್ಯಬೇಕು,
ಒದ್ದೆ ಮಾಡಿಯೇ ಉಜ್ಜಬೇಕು.
ಹಿತ್ತಾಳೆಯ ಬಕಲ್ಲು ಎಳ್ಳಿನಲ್ಲಿ ಅರ್ಧ;
ಚಿಮಟ ಒಂದಿಷ್ಟು ಬಿಗಿಯಾಯಿತೋ, ಟಿಣ್ಣನೆ ಹಾರಿ
ಕಾರ್ಪೆಟ್ಟಿನ ಹೊಟ್ಟೆ ಸೇರುತ್ತದೆ.
ಮೊಣಕಾಲೂರಿ ಟಾರ್ಚು ಹಿಡಿದು ಹುಡುಕಿದರೆ
ಸಿಕ್ಕಿದ್ದು ಹೋದ ವರ್ಷದ ಬಕಲ್ಲು,
ಒಂದು ಕೊತ್ತಂಬರಿ ಬೀಜ.

ಇಷ್ಟು ಮಾಡಿ ಹೊಟ್ಟೆಯ ಎರಡು ಹೋಳು ಮುಚ್ಚಿದರೆ
ಒಳಗಿನದೇನೂ ಕಾಣುವುದಿಲ್ಲ.
ಯಾರಿಗೆ ಇದು ಎಂದು ಕೇಳುತ್ತಾರೆ.
ದವಡೆಯ ಒಳಮೈಯನ್ನೂ ನಾನು ನುಣುಪು ಮಾಡುತ್ತೇನೆ,
ಅದನ್ನು ನೋಡುವುದು ನಾಲಿಗೆಯೊಂದೇ.

ಕೆಳಗಿನ ಸೆಟ್ಟು ಕಚ್ಚುತ್ತದೆ ಎಂದು
ಮೂರನೆಯ ಸಲ ಬಂದಿದ್ದರು ಮಿಸೆಸ್ ಮಾಲ್ಟ್‌ಬಿ.
ನಾನು ಅರ ಹಾಕುತ್ತಿದ್ದೆ. ಅವರ ಕಣ್ಣು
ಕಪಾಟಿನ ಮೇಲೆ ಒಣಗಲು ಇಟ್ಟ ಲಂಕಾಸ್ಟರಿನ ಅರೆಹೊಟ್ಟೆಗೆ ಬಿತ್ತು.
ಅಪ್ಪ ಕೂರುತ್ತಿದ್ದದ್ದು ಇಲ್ಲಿ, ಎಂದು ಉಗುರಿಟ್ಟರು.
ಹಲ್ಲಿಲ್ಲದ ಬಾಯಲ್ಲಿ ವಯರ್‌ಲೆಸ್ ಎಂಬ ಪದ
ಬರೀ ಗಾಳಿಯಾಗಿ ಹೊರಟಿತು.

ಬಿಸಿಗಾಳಿಯ ಕೊಳವೆ ಅವನ ಕಾಲ ಬಳಿಯೇ ಅಂತೆ.
ಬಾಲದಲ್ಲಿ ಕೂತವನು ಮರಗಟ್ಟುತ್ತಿದ್ದರೆ
ಅಪ್ಪ ಕಡಲೆಯಂತೆ ಹುರಿಯುತ್ತಿದ್ದ.
ಅಜ್ಜಿ ಹೆಣೆದ ಸ್ವೆಟರು ಬಿಚ್ಚಿ ಸೀಟಿನ ಬೆನ್ನಿಗೆ ಹಾಕುತ್ತಿದ್ದ.
ಅಲ್ಲೇ ಬಿಟ್ಟು ಇಳಿಯುತ್ತಿದ್ದ, ನಾಳೆ ಹೇಗೂ ಬರುವವನಲ್ಲವೆ.
ಒಂದು ಸಂಜೆ ಕಿವಿ ಸೋರಿತು, ಡಾಕ್ಟರು ಬೇಡವೆಂದರು.
ಬೇರೊಬ್ಬ ಹುಡುಗ ಕೂತ.
ಆಮೇಲೆ?
ಆಮೇಲೆ ಏನು, ಸ್ವೆಟರು ಬರಲಿಲ್ಲ.

ಅಪ್ಪ ಎಂಬತ್ತೊಂದರ ತನಕ ಇದ್ದ.
ಜನವರಿಯಲ್ಲೂ ಕಿಟಕಿ ತೆರೆದೇ ಮಲಗುತ್ತಿದ್ದ;
ಅಮ್ಮ ಬೈಯುತ್ತ ಪಕ್ಕದ ಕೋಣೆಗೆ ಹೋದಳು.

ಬಣ್ಣ ಯಾವುದು? ಎಂದೆ, ಕಸುಬಿನ ಚಟ.
ಅಜ್ಜಿ ನೀಲಿ ಎನ್ನುತ್ತಿದ್ದಳು, ಅಪ್ಪ ಸಾಸಿವೆ.
ಸೆಟ್ಟು ಹಾಕಿಕೊಂಡರು. ಎರಡು ಸಲ ಕಚ್ಚಿ ನೋಡಿ
ಈಗ ಸರಿ ಎಂದು ಛತ್ರಿ ಹುಡುಕಿದರು.

ಯಾವ ಕಂಪನಿಯೂ ಮಾರುವುದಿಲ್ಲ ಅದನ್ನು.
ಒಸಡಿಗೆಂದು ಕಲಸಿದ ಅಕ್ರಿಲಿಕ್ಕು ಗಟ್ಟಿಯಾಗುವ ಮೊದಲು
ಒಂದು ಚಿಟಿಕೆ ಕಿತ್ತೆ,
ಕಿರುಬೆರಳಿನ ಉಗುರಿನಷ್ಟಗಲ ತಟ್ಟಿದೆ,
ಸೂಜಿಮೊನೆಯಲ್ಲಿ ಹೆಣಿಗೆ ಗೀರಿ
ಸೀಟಿನ ಬೆನ್ನಿಗೆ ಮಡಿಸಿದೆ, ತೋಳು ಜೋತು ಬೀಳುವಂತೆ.
ಮೊದಲು ನೀಲಿ.
ಒಣಗಿದ ಮೇಲೆ ಸಾಸಿವೆ, ಅದರ ಮೇಲೇ.

ಮುಚ್ಚುವ ಮೊದಲು ವನಮಾಲಾಳನ್ನು ಕರೆದೆ.
ಟಾರ್ಚು ಬಿಟ್ಟೆ. ಬಗ್ಗಿ ನೋಡಿದಳು,
ಹತ್ತಿ ಒಗೆಯದೆ ಬಿಟ್ಟ ಬಟ್ಟೆಯನ್ನು ನೋಡುವ ಹಾಗೆ.
ಒಂದು ತೋಳು ಉದ್ದವಾಯ್ತು, ಎಂದಳು.

ಅಂಟು ಹಚ್ಚಿ ಹೋಳು ಸೇರಿಸಿ ಕ್ಲಿಪ್ಪು ಹಾಕಿದೆ.
ರಸೀದಿಯ ಕೆಳಗೆ ಬರೆದೆ: ಸ್ವೆಟರು ಒಂದು, ಸೊನ್ನೆ.
ಅಂಟಿನ ವಾಸನೆ ಹೋಗಲೆಂದು ಕಿಟಕಿ ತೆರೆದೆ.
ಚಳಿ, ಮುಚ್ಚಿ, ಎಂದು ಒಳಗಿನಿಂದ ಕೂಗಿದಳು.
ಮುಚ್ಚುತ್ತೇನೆ ಎಂದೆ,
ಇನ್ನೊಂದು ಸ್ವಲ್ಪ ಹೊತ್ತು.